ಧಣಿ ಕುಳಿತುಕೊಳ್ಳುವ ಪಾಠ

ಹುಮನಾಬಾದ ಸೀಮೆಯಲ್ಲಿ ಆ ಕಾಲಕ್ಕೆ ಧಣಿಗಳಿಗೇನೂ ಕೊರತೆ ಇರಲಿಲ್ಲ. ಕಬ್ಬಿನ ಧಣಿ, ತೊಗರಿಯ ಧಣಿ, ಟ್ರ್ಯಾಕ್ಟರಿನ ಧಣಿ, ಏನೂ ಇಲ್ಲದೆ ಬರೀ ಮೀಸೆಯ ಮೇಲೆ ಬದುಕಿದ ಧಣಿ, ಹೀಗೆ ಒಂದು ಕಲ್ಲೆಸೆದರೆ ನಾಲ್ವರಿಗೆ ತಾಗುತ್ತಿತ್ತು. ಅವರನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ತುಂಬಿ, ಇನ್ನೊಂದರಲ್ಲಿ ವಿದ್ಯಾವತಿಯೊಬ್ಬಳನ್ನೇ ಕೂರಿಸಿದ್ದರೆ, ವಿದ್ಯಾವತಿಯ ತಟ್ಟೆಯೇ ದಡ್ಡನೆ ನೆಲಕ್ಕೆ ಬಡಿಯುತ್ತಿತ್ತು.

ಅವಳ ಧಣಿತನ ಮಧ್ಯಾಹ್ನದ ಊಟವಾದ ಮೇಲಿನದು. ಅಲ್ಲಿಯವರೆಗೆ ಅವಳು ಬಸವಕಲ್ಯಾಣದ ಕಿರಾಣಿ ಅಂಗಡಿಯವರ ಮಗಳು; ಬೆಳಿಗ್ಗೆ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಬದಲಿಸಿ ಹುಮನಾಬಾದಕ್ಕೆ ಬರುವ, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವುದಕ್ಕೂ ನಾಚುವ, ಗುಬ್ಬಚ್ಚಿಯಂಥ ಹೆಂಗಸು. ಊಟ ಮುಗಿದು, ಅಡುಗೆಯ ಹಜಿರಾ ಬೀ ತನ್ನ ರೊಟ್ಟಿ ಹಂಚಿನ ತಳಕ್ಕೆ ಬೆರಳು ತಿಕ್ಕಿ ಅವಳ ಮೂಗಿನ ಕೆಳಗೆ ಮಸಿಯ ಮೀಸೆ ಎಳೆದು, ತಲೆಗೆ ಕೆಂಪು ರುಮಾಲು ಸುತ್ತಿದಳೆಂದರೆ ಮುಗಿಯಿತು. "ಯಾರ್ ಬೇ ಆಕಿ, ಎದ್ದ ನಿಂತಾಕಿ?" ಎಂದು ಅವಳು ಕೇಳಿದ ಹೊಡೆತಕ್ಕೆ ತಗಡಿನ ಮೇಲಿನ ಪಾರಿವಾಳಗಳು ಬೀದರಿನವರೆಗೆ ಹಾರಿಹೋಗುತ್ತಿದ್ದವು. ಒಮ್ಮೆ ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ ನಿಜವಾದ ಧಣಿಯೊಬ್ಬ ಆ ದನಿ ಕೇಳಿ, ಒಳಗಿರುವವನು ತನಗಿಂತ ದೊಡ್ಡವನೆಂದು ತಿಳಿದು, ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದನಂತೆ. ಕಂಡವರಿದ್ದಾರೆ, ಕೇಳಿದರೆ ಇನ್ನೂ ಸ್ವಲ್ಪ ಸೇರಿಸಿಯೇ ಹೇಳುತ್ತಾರೆ.

ಇದೆಲ್ಲ ನಡೆಯುತ್ತಿದ್ದುದು 'ಪಡಸಾಲಿ' ಎಂಬ ಸಂಸ್ಥೆಯಲ್ಲಿ. ಹಳೆಯ ಬೇಳೆ ಮಿಲ್ಲೊಂದರ ಗೋದಾಮು ಅದು. ಎಷ್ಟು ಸುಣ್ಣ ಬಳಿದರೂ ಗೋಡೆಯಿಂದ ತೊಗರಿ ಹೊಟ್ಟಿನ ವಾಸನೆ ಹೋಗಿರಲಿಲ್ಲ. ಪಂಚಾಯ್ತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದ ಹೊಸದು. ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಮೆಂಬರಾಗಿದ್ದರು. ಕುರ್ಚಿಯ ಮೇಲೆ ಮಾತ್ರ ಅವರ ಗಂಡಂದಿರು ಕೂರುತ್ತಿದ್ದರು. ಈ ಹೆಂಗಸರನ್ನು ಕರೆತಂದು ಮುಂದಾಳುಗಳನ್ನಾಗಿ ಮಾಡುವ ತರಬೇತಿಯನ್ನು ನಾಗನಾಥ ಶುರು ಮಾಡಿದ. ಹೈಸ್ಕೂಲಿನ ನೌಕರಿ ಬಿಟ್ಟು ಬಂದಿದ್ದ ಆತ 'ನಾಯಕತ್ವ' ಎಂಬ ಪದವನ್ನು ಉಸಿರಾಡಿದ್ದಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಹಜಿರಾ ಬೀಯ ಕೈಯ ರೊಟ್ಟಿಯನ್ನು ಮೂಗು ಮುರಿಯದೆ ಉಂಡವಳು ಅರ್ಧ ನಾಯಕಿ, ಇನ್ನೊಂದು ಬೇಕೆಂದು ಕೇಳಿದವಳು ಪೂರ್ತಿ ನಾಯಕಿ ಎಂಬುದು ಆತನ ಲೆಕ್ಕ. ಬೆಳಗಿನ ಪಾಠಗಳೆಲ್ಲ ಆತನವು: ಕಾಯ್ದೆ, ಕಲಮು, ಠರಾವು. ಆ ಪಾಠಗಳಲ್ಲಿ ಅರ್ಧ ತಾಲೂಕು ನಿದ್ದೆ ಮಾಡಿದೆ. ಮಧ್ಯಾಹ್ನದ ಪಾಠ ವಿದ್ಯಾವತಿಯದು. ಅದಕ್ಕೆ ಸತ್ತವರೂ ಎದ್ದು ಬರುತ್ತಿದ್ದರು ಎಂದು ಹೇಳಿದರೆ, ಈ ಕತೆಯಲ್ಲಿ ಅದೊಂದೇ ಮಾತನ್ನು ಉತ್ಪ್ರೇಕ್ಷೆ ಎಂದು ತಿಳಿಯಬಾರದು.

ಪಾಠ ಹೀಗಿತ್ತು. ಗೋದಾಮಿನ ನಡುವೆ ಅಣಕು ಗ್ರಾಮಸಭೆ. ಹೆಂಗಸರೆಲ್ಲ ನೆಲದ ಮೇಲೆ ಸುತ್ತ ಕೂರುತ್ತಾರೆ. ವಿದ್ಯಾವತಿ ಧಣಿಯಾಗಿ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಒಬ್ಬಳು ಎದ್ದು ತನ್ನ ಊರಿನ ಮಾತನ್ನು ಕೇಳಬೇಕು. ಧಣಿ ಬೈಯುತ್ತಾನೆ, ನಗುತ್ತಾನೆ, ಅವಳ ಗಂಡನ ಹೆಸರು ತೆಗೆಯುತ್ತಾನೆ, ಅಡುಗೆ ಮನೆಗೆ ಹೋಗು ಎನ್ನುತ್ತಾನೆ. ಅವಳು ಕಣ್ಣು ಕೆಳಗೆ ಹಾಕದೆ, ದನಿ ನಡುಗದೆ, ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದಳೋ, ಆಗ ಧಣಿ ಸೋತು ಕುರ್ಚಿಯ ಮೇಲೆ ಕುಸಿದು ಕೂರುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹುಟ್ಟಿದಾಗಿನಿಂದ ಗಂಡಸು ಕುಳಿತಿದ್ದು ತಾವು ನಿಂತಿದ್ದನ್ನೇ ಕಂಡ ಹೆಂಗಸರು ತಮ್ಮ ಮಾತಿಗೆ ಒಬ್ಬ ಧಣಿ ಕುಸಿದದ್ದನ್ನು ಕಂಡು ಅಳುತ್ತಿದ್ದರು, ನಗುತ್ತಿದ್ದರು, ಹಜಿರಾ ಬೀಯನ್ನು ತಬ್ಬಿಕೊಳ್ಳುತ್ತಿದ್ದರು. ಕಲ್ಯಾಣದವರಿಗೆ ಮಾತು ಪಿತ್ರಾರ್ಜಿತ ಆಸ್ತಿ. ಅದರಲ್ಲಿ ತನ್ನ ಪಾಲನ್ನು ಹಂಚುತ್ತಿದ್ದೇನೆಂದು ವಿದ್ಯಾವತಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಪಾಠ ಕಲಿತವರಲ್ಲಿ ಗಿರಿಜಾಬಾಯಿಯಂಥವಳು ಹಿಂದೆ ಇರಲಿಲ್ಲ, ಮುಂದೆ ಹುಟ್ಟಲಿಲ್ಲ. ಬೇಮಳಖೇಡದ ಆಚೆ ಒಂದು ಸಣ್ಣ ಊರಿನವಳು. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಟ್ರ್ಯಾಕ್ಟರು ಹತ್ತಿ ಜಗಳಕ್ಕೆ ಬಂದಾರು. ಬೌದ್ಧರ ಓಣಿಯ ಕೂಲಿ ಹೆಂಗಸು, ಮೀಸಲು ಸೀಟಿನ ಮೆಂಬರು. ಅವಳ ಓಣಿಗೆ ಮಂಜೂರಾದ ಬೋರನ್ನು ಊರ ಧಣಿ ತನ್ನ ಹೊಲದಲ್ಲಿ ಹೊಡೆಸಲು ನೋಡುತ್ತಿದ್ದ. ಅದೊಂದೇ ಮಾತು ಅವಳದು. ಮೊದಲ ದಿನ ಎದ್ದು ನಿಂತಾಗ ಅವಳ ಮೊಣಕಾಲು ನಡುಗಿದ ಸದ್ದು ಹುಲಸೂರದವರೆಗೆ ಕೇಳಿತ್ತು. ಶಿಬಿರದ ಕೊನೆಯ ದಿನ ಅವಳು ಎದ್ದು, ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತಿ ಬಿಚ್ಚಿ, ಗೋಡೆಗೆ ಮೊಳೆ ಹೊಡೆದ ಹಾಗೆ ಹೇಳಿದಳು:

"ನಮ್ಮ ಓಣಿಗಿ ಮಂಜೂರಾದ ಬೋರು ನಮ್ಮ ಓಣ್ಯಾಗೇ ಹೊಡೀಬೇಕು. ನಿಮ್ಮ ಹೊಲದಾಗ ಅಲ್ಲ. ನಾ ಮೆಂಬರ್ ಇದ್ದೀನಿ. ಕೇಳೋ ಹಕ್ ನಂದದ."

ವಿದ್ಯಾವತಿ ಕುಸಿದು ಕುಳಿತಳು. ಅವತ್ತು ನಟನೆ ಮಾಡಬೇಕಾಗಿಯೇ ಬರಲಿಲ್ಲ. ಕಾಲು ತಾವಾಗಿಯೇ ಮಡಚಿಕೊಂಡಿದ್ದವು.

ಮುಂದಿನ ಬೇಸಿಗೆಯಲ್ಲಿ ಗಿರಿಜಾಬಾಯಿ ಸತ್ತಳು ಎಂಬ ಸುದ್ದಿ ಬಂತು. ತೊಂಬತ್ತಾರರ ವೈಶಾಖ. ಆ ವರ್ಷ ಬಿಸಿಲಿಗೆ ಹೊಲದ ಬದುವಿನ ಕಲ್ಲುಗಳೂ ಬೆವರಿದ್ದವು. ನಾಗನಾಥ, ವಿದ್ಯಾವತಿ ಇಬ್ಬರೂ ಹೋದರು. ಬಾಬಾಸಾಹೇಬರ ಪಟದ ಕೆಳಗೆ ಅವಳ ಗಂಡ ಕಾಶಿರಾಮ ಗೋಡೆಗೆ ಆತು ಕುಳಿತಿದ್ದ. ಮಗಳು ಸ್ನೇಹಲ, ಇನ್ನೂ ಸೀರೆಗೆ ಬಾರದ, ಪರಕಾರ ಉಡುವ ಹುಡುಗಿ, ಒಳಗಿನ ಕತ್ತಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ. ನಡೆದದ್ದನ್ನು ಕಾಶಿರಾಮನೇ ಹೇಳಿದ. ಬೇವಿನ ಗಿಡದ ಕೆಳಗೆ ಗ್ರಾಮಸಭೆ ಇತ್ತು. ನೆರಳು ದೊಡ್ಡವರದು, ಬಿಸಿಲು ಉಳಿದವರದು. ಗಿರಿಜಾಬಾಯಿ ಬಿಸಿಲಲ್ಲಿ ಎದ್ದು ನಿಂತು ತನ್ನ ಮಾತು ಹೇಳಿದಳು, ಒಂದಕ್ಷರ ತಪ್ಪಲಿಲ್ಲ. ಧಣಿ ಎದುರಿಗೆ ನಿಂತು ಸುಮ್ಮನೆ ನಕ್ಕ. ಅವಳು ಕಾಯ್ದಳು. ಆತ ಕೂರಲಿಲ್ಲ. ತನ್ನ ಮಾತಿನಲ್ಲೇ ಎಲ್ಲೋ ತಪ್ಪಾಗಿರಬೇಕೆಂದು, ಇನ್ನೊಮ್ಮೆ ಹೇಳುತ್ತೇನೆ ಎಂದು ಮೊದಲಿನಿಂದ ಹೇಳಿದಳು. ಮತ್ತೆ ಹೇಳಿದಳು. ಜನ ನಗಲು ಶುರು ಮಾಡಿದರು, ನಕ್ಕು ಬೇಸತ್ತು ಎದ್ದು ಹೋದರು. ಧಣಿ ಮನೆಗೆ ಹೋಗಿ ಉಂಡು, ಮಲಗಿ, ಎದ್ದು, ಚಹಾ ಕುಡಿದು ತಿರುಗಿ ಬಂದು ನೋಡಿದರೆ ಅವಳು ಅಲ್ಲೇ ನಿಂತಿದ್ದಳಂತೆ. ತುಟಿ ಒಡೆದು ಬೂದಿ ಬಣ್ಣ ಬಂದಿತ್ತು. ಆತನನ್ನು ಕಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಾಶಿರಾಮ ಕೂಲಿಯಿಂದ ಬಂದು ರಟ್ಟೆ ಹಿಡಿದು ಎಳೆದಾಗ ಬಿದ್ದಳು. ಜೀಪು ಹುಮನಾಬಾದ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನಾಗನಾಥ ಹೊರಗೆ ಜನರ ಜೊತೆ ಮಾತಾಡಲು ಎದ್ದು ಹೋದ ಮೇಲೆ ಕಾಶಿರಾಮ ವಿದ್ಯಾವತಿಯನ್ನು ಕೇಳಿದ. ಸಿಟ್ಟಿರಲಿಲ್ಲ. ತಿಳಿದವರನ್ನು ಕೇಳುವ ಹಾಗೆ ಕೇಳಿದ.

"ಆಕಿ ನನಗ ಅಂದಿದ್ಳರಿ ಅಕ್ಕಾರ. ನಾ ಪಕ್ಕಾ ಹೇಳಿದ್ರ ಆಂವ ಕುಂದರ್ತಾನ, ಹುಮನಾಬಾದದಾಗ ಹಂಗೇ ಆಗ್ತದ ಅಂತ. ಆಂವ ಯಾಕ ಕುಂದ್ರಲಿಲ್ಲರಿ?"



ಸಂಸ್ಥೆಯ ಗೋಡೆಯ ಮೇಲೆ ಗಿರಿಜಾಬಾಯಿಯ ಫೋಟೋ ಬಂತು. ಕೆಳಗೆ ನಾಗನಾಥನ ಅಕ್ಷರದಲ್ಲಿ 'ಕೊನೆಯುಸಿರಿನವರೆಗೆ ನಿಂತು ಹೋರಾಡಿದ ಧೀರೆ' ಎಂದು ಬಂತು. ಊರೂರಿನ ಹೆಂಗಸರು ಬಂದು ಅದಕ್ಕೆ ಹೂ ಏರಿಸಿದರು. ಅವಳು ಹೋರಾಡಲು ನಿಂತಿರಲಿಲ್ಲ, ಕಾಯಲು ನಿಂತಿದ್ದಳು ಎಂದು ತಿಳಿದವಳು ಅಲ್ಲಿ ವಿದ್ಯಾವತಿ ಒಬ್ಬಳೇ. ಒಮ್ಮೆ ನಾಗನಾಥನಿಗೆ ಹೇಳಿಯೂ ನೋಡಿದಳು. ಧಣಿ ಕೂರುವುದನ್ನು ಪಾಠದಿಂದ ತೆಗೆಯೋಣ ಎಂದಳು. ಆತ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಸತ್ತವಳ ಧೈರ್ಯವನ್ನು ನಾವೇ ಸಣ್ಣದು ಮಾಡಬಾರದು ಎಂದ. ಧಣಿ ಕೂರದಿದ್ದರೆ ಈ ಹೆಂಗಸರು ಏನನ್ನು ಕಂಡು ಮನೆಗೆ ಹೋಗಬೇಕು ಎಂದ. ಅದೂ ಸುಳ್ಳಾಗಿರಲಿಲ್ಲ. ಆ ಪಾಠ ಕಲಿತ ಎಷ್ಟೋ ಹೆಂಗಸರ ಬೆನ್ನು ನೆಟ್ಟಗಾಗಿತ್ತು. ವಿದ್ಯಾವತಿ ವೇಷ ಬಿಟ್ಟು ಆಫೀಸಿನ ಶರಣಪ್ಪನಿಗೆ ಮೀಸೆ ಹಚ್ಚಿ ನಿಲ್ಲಿಸಿದರೆ, ಆ ಪಾಪದ ಮನುಷ್ಯ ಹೆಂಗಸರು ಬಾಯಿ ತೆರೆಯುವ ಮೊದಲೇ ಕುಳಿತುಬಿಟ್ಟ. ಹೀಗಾಗಿ ರುಮಾಲು ಮತ್ತೆ ಅವಳ ತಲೆಗೇ ಬಂತು.

ಅದೇ ಚಳಿಗಾಲದಲ್ಲಿ ಅದು ಶುರುವಾಯಿತು.

ಹುಲಸೂರದಿಂದ ಕರೀಮಾ ಎಂಬ ಮೆಂಬರು ಬಂದಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡವನ್ನು ಒಂದು ಬೆಂಕಿಪೊಟ್ಟಣದಲ್ಲಿ ತುಂಬಿದರೆ ಕಡ್ಡಿಗಳಿಗೂ ಜಾಗ ಉಳಿಯುತ್ತಿತ್ತು. ಅವಳ ದೂರು ಅಂಗನವಾಡಿಯದು. ಅರ್ಧ ಉರ್ದು, ಅರ್ಧ ಕೈಸನ್ನೆಯಲ್ಲಿ ಹೇಗೋ ಹೇಳಿ ಮುಗಿಸಿದಳು. ವಿದ್ಯಾವತಿ ಕುರ್ಚಿಯ ಮೇಲೆ ಕುಸಿದಳು. ಚಪ್ಪಾಳೆ ಆಯಿತು. ಕರೀಮಾ ಕೂರಲಿಲ್ಲ. ದುಪಟ್ಟಾದ ತುದಿಯನ್ನು ತೋರುಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಬೇಮಳಖೇಡದ ಕಡೆಯ ಅಚ್ಚ ಕನ್ನಡದಲ್ಲಿ, "ಇನ್ನೊಮ್ಮೆ ಹೇಳ್ತೀನ್ರಿ, ಮೊದಲಿಂದ" ಎಂದಳು. "ನಮ್ಮ ಓಣಿಗಿ ಮಂಜೂರಾದ ಬೋರು ನಮ್ಮ ಓಣ್ಯಾಗೇ ಹೊಡೀಬೇಕು."

ಕುರ್ಚಿಯ ಮೇಲಿದ್ದ ವಿದ್ಯಾವತಿಯ ಎಡಗೆನ್ನೆಗೆ ಬಿಸಿಲು ಬಡಿಯಿತು. ಹೊರಗೆ ಡಿಸೆಂಬರ್, ಹೆಂಗಸರೆಲ್ಲ ಶಾಲು ಹೊದ್ದಿದ್ದರು. ಆ ಎಡಬದಿಯಲ್ಲಿ ಕಿಟಕಿಯೂ ಇರಲಿಲ್ಲ. ಆದರೂ ಗೋಡೆಯ ಆ ತುಂಡಿನಿಂದ ವೈಶಾಖದ ಝಳ ಬಂದು ಅವಳ ಮಸಿಯ ಮೀಸೆ ಬೆವರಿಗೆ ಕರಗಿ ತುಟಿಗೆ ಇಳಿಯಿತು. ಕರೀಮಾಳನ್ನು ಅಲುಗಾಡಿಸಿ ಕೂರಿಸಿದ ಮೇಲೆ ಕೇಳಿದರೆ ಅವಳಿಗೆ ಏನೂ ನೆನಪಿರಲಿಲ್ಲ. ಬೋರು ಯಾಕೆ ಬೇಕು, ನಮ್ಮ ಮನೆಯ ಮುಂದೇ ಇದೆಯಲ್ಲ ಎಂದು ಉರ್ದುವಿನಲ್ಲಿ ನಕ್ಕಳು.

ಆಮೇಲೆ ಹಳ್ಳಿಖೇಡದ ಗಯಾಬಾಯಿ. ರೇಷನ್ ಅಂಗಡಿಯ ಮಾತು ಎತ್ತಿದವಳು, ಧಣಿ ಕುಳಿತ ಮೇಲೆ ಬೋರಿನ ಮಾತಿಗೆ ಇಳಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲ ಶಿಬಿರದಲ್ಲೂ ಆಗುತ್ತಿತ್ತೆಂದಲ್ಲ. ಕೆಲವು ವರ್ಷ ಏನೂ ಆಗದೆ ಹೋಗಿ, ಮುಗಿಯಿತು ಎಂದು ವಿದ್ಯಾವತಿ ಉಸಿರು ಬಿಡುವಷ್ಟರಲ್ಲಿ ಯಾವಳೋ ಒಬ್ಬಳು ಚಪ್ಪಾಳೆ ಮುಗಿದರೂ ಕೂರದೆ ನಿಲ್ಲುತ್ತಿದ್ದಳು, ಬೆರಳಿಗೆ ಸೆರಗು ಸುತ್ತುತ್ತಿದ್ದಳು. ಹೆಂಗಸರು ಗೋಡೆಯ ಫೋಟೋ ನೋಡಿ, ಆ ಕತೆ ಕೇಳಿ, ತಮಗರಿವಿಲ್ಲದೆ ನಕಲು ಮಾಡುತ್ತಾರೆ ಎಂದು ನಾಗನಾಥ ವಿವರಿಸಿದ. ಇದೂ ನಾಯಕತ್ವದ ಒಂದು ಲಕ್ಷಣ ಎಂದ. ಫೋಟೋದಲ್ಲಿ ಗಿರಿಜಾಬಾಯಿಯ ಕೈ ಕಾಣುವುದಿಲ್ಲ ಎಂದು ವಿದ್ಯಾವತಿ ಹೇಳಲಿಲ್ಲ.

ಹಜಿರಾ ಬೀ ಮಾತ್ರ ವಿವರಣೆಗೆ ಕಾಯಲಿಲ್ಲ. "ಆಕಿ ಬರಾಕತ್ತಾಳ, ಬೇಟಿ" ಎಂದಳು, ಹಿಟ್ಟು ನಾದುತ್ತ. "ಆ ಹೆಂಗಸರ ಕೂಡ ಏನು ಕೆಲಸ ಆಕಿಗಿ. ನಿನ್ನ ನೋಡ್ಲಿಕ್ಕೆ ಬರ್ತಾಳ. ನೀ ಕುಂದರ್ತೀ ಅಲ್ಲ, ಅದು ನೋಡ್ತಾಳ. ಅಲ್ಲಿ ಕುಂದ್ರಲಾರದಾಂವ ಇಲ್ಲಿ ಹ್ಯಾಂಗ ಕುಂದರ್ತಾನ ಅಂತ."

ವಿದ್ಯಾವತಿಗೆ ಆ ಮೇಲೆ ಊಟ ಸೇರದಾಯಿತು. ಬಸ್ಸಿನಲ್ಲಿ ಯಾರಾದರೂ ನಿಂತಿದ್ದರೆ ಅವಳು ಕೂರಲಾರಳು. ಕಲ್ಯಾಣದ ಮನೆಯಲ್ಲಿ ತಾಯಿ ಸೂಗಮ್ಮ, ಉಣ್ಣುವಾಗಲಾದರೂ ಕೂಡು ಎಂದು ಬೈದೇ ಬೈದಳು. ಮಗಳು ಕಂಬಕ್ಕೆ ಆತು ತಾಟು ಕೈಯಲ್ಲಿ ಹಿಡಿದೇ ಉಣ್ಣುವಳು.

ಎರಡು ಸಾವಿರದ ನಾಲ್ಕು ಮುಗಿಯುವ ಹೊತ್ತಿಗೆ, ಪಂಚಾಯ್ತಿ ಚುನಾವಣೆ ಹತ್ತಿರವಾಗಿತ್ತು. ನಿಲ್ಲಬೇಕೆಂದಿದ್ದ ಹೆಂಗಸರಿಗೆ ದೊಡ್ಡ ಶಿಬಿರ ಇಟ್ಟರು. ಸಂಸ್ಥೆಗೆ ನೆರವು ಕೊಡುವವರು ಪುಣೆಯಿಂದ ನೋಡಲು ಬರುವವರಿದ್ದರು. ನಾಗನಾಥ ಗೋದಾಮಿಗೆ ಎಷ್ಟು ಸುಣ್ಣ ಬಳಿಸಿದನೆಂದರೆ ಅದರ ಬೆಳಕಿಗೆ ಕಲ್ಬುರ್ಗಿಯ ಲಾರಿಯವರು ಕಣ್ಣು ಕಿರಿದು ಮಾಡಿಕೊಂಡು ಓಡಿಸಿದರು. ಗಯಾಬಾಯಿಯೂ ಮತ್ತೆ ಬಂದಿದ್ದಳು. ಮೊದಲ ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ತರುಣಿ ಚಪ್ಪಲಿ ಬಿಟ್ಟು, ಜೈಭೀಮ ಎಂದು ಕೈಮುಗಿದು ಒಳಗೆ ಬಂದಳು. ಗಲ್ಲ, ಹುಬ್ಬು, ಹೆಗಲು ಎಲ್ಲ ಗೋಡೆಯ ಮೇಲಿದ್ದವಳದೇ. ಹಜಿರಾ ಬೀಯ ಕೈಯಿಂದ ಹಿಟ್ಟಿನ ಬೋಗುಣಿ ಜಾರಿತು.

ಕಾಶಿರಾಮನ ಮಗಳು ಸ್ನೇಹಲ. ಊರಿನ ಅದೇ ಸೀಟಿಗೆ ನಿಲ್ಲುವವಳಿದ್ದಳು. ಬೋರು ಇನ್ನೂ ಧಣಿಯ ಹೊಲದಲ್ಲೇ ಇತ್ತು, ಧಣಿಯೂ ಇನ್ನೂ ಇದ್ದ. ಮೀಸೆ ಮಾತ್ರ ಬೆಳ್ಳಗಾಗಿತ್ತಂತೆ. ಇಷ್ಟು ಹೇಳಿ ಅವಳು ವಿದ್ಯಾವತಿಯ ಕಡೆ ತಿರುಗಿದಳು.

"ನಮ್ಮವ್ವಗ ಏನು ಕಲಿಸಿದ್ರಿ, ಅದೇ ನನಗೂ ಕಲಿಸ್ರಿ ಅಕ್ಕಾರ. ಒಂದೂ ಬಿಡಬ್ಯಾಡ್ರಿ."

ಅವತ್ತು ವಿದ್ಯಾವತಿ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಳು. ಹುಡುಗಿ ಗೆಲ್ಲುತ್ತಾಳೆ. ಬೇಸಿಗೆ ಬರುತ್ತದೆ. ಬೇವಿನ ಗಿಡದ ಕೆಳಗೆ ಸಭೆ ಸೇರುತ್ತದೆ. ಇವಳು ಬಿಸಿಲಲ್ಲಿ ಎದ್ದು ನಿಂತು, ಒಂದಕ್ಷರ ತಪ್ಪದೆ ಹೇಳಿ, ಆ ಮುದುಕ ಕೂರಲೆಂದು ಕಾಯುತ್ತಾಳೆ. ಅವರಮ್ಮನ ಮಗಳು, ಕಾಯದೆ ಬಿಡುವವಳಲ್ಲ.

ನಾಗನಾಥನಿಗೆ ಮತ್ತೊಮ್ಮೆ ಹೇಳಿದಳು. ಅತಿಥಿಗಳ ಎದುರಿಗೆ ಧೀರೆಯ ಮಗಳು ತಾಯಿಯ ಮಾತನ್ನೇ ಆಡಿ, ಧಣಿಯನ್ನು ಕೂರಿಸುವುದನ್ನು ಆತ ಆಗಲೇ ಕಣ್ಣಲ್ಲಿ ಕಂಡುಬಿಟ್ಟಿದ್ದ. ಅದನ್ನು ಹೇಳುವಾಗಲೇ ಆತನ ಕಣ್ಣಲ್ಲಿ ನೀರು ಬಂತು. ಆ ಒಂದು ಗಳಿಗೆಗಾಗಿಯೇ ತಾನು ನೌಕರಿ ಬಿಟ್ಟದ್ದು ಎಂದ. ಅಷ್ಟು ಶುದ್ಧವಾಗಿ ಅಳುವ ಮನುಷ್ಯನ ಜೊತೆ ಯಾರು ಜಗಳ ಆಡುವುದು?

ಮರುದಿನ ಮಧ್ಯಾಹ್ನ ಪುಣೆಯವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಹಜಿರಾ ಬೀ ಮೀಸೆ ಎಳೆದಳು. ವಿದ್ಯಾವತಿ ರುಮಾಲು ಸುತ್ತಿ ಗೋದಾಮಿನ ನಡುವೆ ಬಂದು ನಿಂತಳು. ಹಿಂದೆ ಧಣಿಯ ಕುರ್ಚಿ. ಒಂದಿಬ್ಬರು ಹೆಂಗಸರು ಎದ್ದು ರಸ್ತೆ, ಬೀದಿದೀಪ ಎಂದು ಮಾತಾಡಿದರು. ಧಣಿ ಅವರನ್ನು ಹೆದರಿಸಿದ, ಸೋತ, ಕುಳಿತ, ಎದ್ದ. ಅತಿಥಿಗಳು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆಮೇಲೆ ನಾಗನಾಥ ದನಿ ತಗ್ಗಿಸಿ ಸ್ನೇಹಲಳ ಹೆಸರು ಕರೆದ.

ಅವಳು ಎದ್ದಳು. ಕೈ ಸುಮ್ಮನೆ ಪಕ್ಕಕ್ಕಿತ್ತು, ಸೆರಗನ್ನು ಮುಟ್ಟಲಿಲ್ಲ.

"ಯಾರ್ ಬೇ ಆಕಿ, ಎದ್ದ ನಿಂತಾಕಿ?" ಎಂದಳು ವಿದ್ಯಾವತಿ. ಹುಟ್ಟಿದ ಮೇಲೆ ಅಷ್ಟು ಕೆಟ್ಟದಾಗಿ ಅವಳು ಎಂದೂ ಗುಡುಗಿರಲಿಲ್ಲ. ಪಾರಿವಾಳಗಳು ಕೂತಲ್ಲೇ ಇದ್ದವು.

"ನಮ್ಮ ಓಣಿಗಿ ಮಂಜೂರಾದ ಬೋರು ನಮ್ಮ ಓಣ್ಯಾಗೇ ಹೊಡೀಬೇಕು" ಎಂದಳು ಸ್ನೇಹಲ. ಕೊನೆಯವರೆಗೂ ಹೇಳಿದಳು. ಶಬ್ದ ಅವೇ, ನಿಲುಗಡೆ ಅವೇ. ಹೇಳಿ ಮುಗಿಸಿ ಧಣಿಯ ಮೊಣಕಾಲನ್ನೇ ನೋಡುತ್ತ ನಿಂತಳು.

ಎಡಬದಿಯ ಗೋಡೆಯಿಂದ ಝಳ ಬಂತು. ಈ ಸಲ ಅದು ಗೋಡೆಯ ಹತ್ತಿರ ಇರಲಿಲ್ಲ. ನಡೆದು ಬಂತು. ವಿದ್ಯಾವತಿಯ ಪಕ್ಕಕ್ಕೆ ಬಂದು ನಿಂತಿತು. ಒಲೆಯ ಬಾಯಿಗೆ ಮೈಯಾನಿಸಿದ ಹಾಗೆ ಅವಳ ಎಡಗೈ, ಎಡಗಿವಿ ಸುಟ್ಟವು. ಆಮೇಲೆ ಹೆಗಲ ಮೇಲೆ ಭಾರ ಬಿತ್ತು. ಒತ್ತಾಯದ ಭಾರವಲ್ಲ. ದೊಡ್ಡವರನ್ನು, ಕೂಡ್ರಿ ಎಂದು ಉಪಚಾರ ಮಾಡುವಾಗ ಹೆಗಲಿಗೆ ಕೈಯಿಡುತ್ತೇವಲ್ಲ, ಅಂಥದು. ಇಷ್ಟು ವರ್ಷ ಕಾದವಳು, ಇನ್ನಾದರೂ ಕೂಡು ಎಂದು ಕೇಳುತ್ತಿದ್ದಳು. ವಿದ್ಯಾವತಿಯ ಮೊಣಕಾಲು ಮಡಚಿಕೊಳ್ಳತೊಡಗಿತು. ಕೂತರೆ ಪಕ್ಕದಲ್ಲಿ ನಿಂತವಳಿಗೆ ಬಿಡುಗಡೆ. ಕೂತರೆ ಎದುರಿಗಿರುವವಳು ಸಾಯುತ್ತಾಳೆ.

ಅವಳು ಕೂರಲಿಲ್ಲ.

ಸ್ನೇಹಲ ಮತ್ತೆ ಮೊದಲಿನಿಂದ ಹೇಳಿದಳು. ಅತಿಥಿಗಳಲ್ಲಿ ಒಬ್ಬರು ಕೆಮ್ಮಿದರು. ಹೆಗಲ ಮೇಲಿನ ಕೈ ಇನ್ನಷ್ಟು ಭಾರವಾಯಿತು. ಅದರಲ್ಲಿ ಈಗ ಅಚ್ಚರಿ ಇತ್ತು, ಕಾಶಿರಾಮನ ದನಿಯಲ್ಲಿದ್ದಂಥ ಅಚ್ಚರಿ. ವಿದ್ಯಾವತಿ ಹಲ್ಲು ಕಚ್ಚಿ ನಿಂತಳು. ಆ ನಿಲುವಿಗೆ ಕಲ್ಯಾಣದ ಕೋಟೆಯ ಬುರುಜು ನಾಚಬೇಕಿತ್ತು. ಬೆವರಿಗೆ ಮೀಸೆ ಪೂರ್ತಿ ಇಳಿದು ಗದ್ದದಿಂದ ಕಪ್ಪಾಗಿ ತೊಟ್ಟಿಕ್ಕಿತು. ಮತ್ತೊಮ್ಮೆ ಹೇಳಲು ಸ್ನೇಹಲ ಬಾಯಿ ತೆರೆದಾಗ, ಇತ್ತ ನಾಗನಾಥ ಕೈಸನ್ನೆಯಲ್ಲಿ ಕೂಡು, ಕೂಡು ಎನ್ನುತ್ತ ಎದ್ದು ಬರತೊಡಗಿದ. ಹಜಿರಾ ಬೀ ಹಿಂದಿನಿಂದ ಆತನ ಜುಬ್ಬಾ ಹಿಡಿದು ಜಗ್ಗಿದಳು. ಹಿಟ್ಟು ನಾದಿದ ಕೈ ಅದು. ಆತ ಹೋಗಿ ಧಣಿಯ ಕುರ್ಚಿಯಲ್ಲೇ ಬಿದ್ದ. ಅವತ್ತು ಆ ಕುರ್ಚಿಯಲ್ಲಿ ಕುಳಿತ ಗಂಡಸು ಆತನೊಬ್ಬನೇ.

"ಆಂವ ಕುಂದ್ರಂಗಿಲ್ಲ, ಸ್ನೇಹಲ" ಎಂದಳು ವಿದ್ಯಾವತಿ. ಧಣಿಯ ದನಿಯಲ್ಲ, ಬಸ್ಸಿನಲ್ಲಿ ಚಿಲ್ಲರೆ ಕೇಳುವ ದನಿ. "ನೀ ಎಷ್ಟ್ ಛಂದ ಹೇಳಿದ್ರೂ ಕುಂದ್ರಂಗಿಲ್ಲ. ನಿಮ್ಮವ್ವಗ ಇದೊಂದು ಹೇಳಲಿಲ್ಲ ನಾ."

ಸ್ನೇಹಲ ಧಣಿಯ ಮೊಣಕಾಲಿನಿಂದ ಕಣ್ಣೆತ್ತಿ ವಿದ್ಯಾವತಿಯ ಮುಖ ನೋಡಿದಳು.  ಈಗ ಬಂದದ್ದು ತಾಯಿಯ ದನಿಯಾಗಿರಲಿಲ್ಲ.

"ನಾನೂ ಕುಂತಿದ್ನಿರಿ, ಅಕ್ಕಾರ" ಎಂದಳು. "ಮನ್ಯಾಗ ನಮ್ಮವ್ವ ದಿನಾ ಹೇಳ್ತಿದ್ಳು, ನನಗ ಧಣಿ ಮಾಡಿ. ಅಪ್ಪನ ಟವಲ್ ನನ್ನ ತಲಿಗಿ ಸುತ್ತಿ. ನಾ ಸರಿ ಹೇಳಿದ್ರ ನೀ ಕುಂದ್ರಬೇಕವ್ವಾ ಅಂತಿದ್ಳು. ನಾ ದಿನಾ ಕುಂತೀನಿ. ಆಟ ಬ್ಯಾಸ್ರಾಗಿ, ಆಕಿ ಪೂರ್ತಿ ಹೇಳೋಕ್ಕಿಂತ ಮೊದಲೇ ಕುಂತೀನಿ."

 ಕತ್ತಲ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತ ಪರಕಾರದ ಹುಡುಗಿ, ಇಷ್ಟು ವರ್ಷವಾದ ಮೇಲೆ, ಈ ಕಡೆ ತಿರುಗಿದ್ದಳು. ವಿದ್ಯಾವತಿ ತನ್ನೊಬ್ಬಳದೆಂದು ಹೊತ್ತುಕೊಂಡಿದ್ದ ಭಾರವನ್ನು ಅಷ್ಟೇ ವರ್ಷ, ಬೇಮಳಖೇಡದ ಆಚೆ ಒಂದು ಕೋಣೆಯಲ್ಲಿ, ಒಂದು ಮಗುವೂ ಹೊತ್ತಿತ್ತು.

ಅತ್ತವರಿದ್ದರು, ಸ್ನೇಹಲ ಅಳಲಿಲ್ಲ. ಅವಳು ಧಣಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು, ಹಳೆಯ ಗೂಟವನ್ನು ನೋಡುವ ಹಾಗೆ. ಆಮೇಲೆ ಬೆನ್ನು ತಿರುಗಿಸಿ, ಹೆಂಗಸರ ನಡುವೆ ಜಾಗ ಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ತಾನೇ ಕುಳಿತಳು.

"ಆಂವ ನಿಂದರ್ಲಿ" ಎಂದಳು. "ಗಯಾಬಾಯಿ ಮೌಶಿ, ಈ ಕಡಿ ಸರೀರಿ. ನಿಮ್ಮೂರಾಗ ರೇಷನ್ ಅಂಗಡಿ ಹ್ಯಾಂಗ ಬಿಡಿಸ್ಕೊಂಡ್ರಿ, ಅದು ಹೇಳ್ರಿ. ಎಷ್ಟು ಮಂದಿ ಹೋಗಿದ್ರಿ? ಆಫೀಸಿಗಿ ಹೋಗಿದ್ರೋ, ಆಂವನ ಮನಿಗಿ ಹೋಗಿದ್ರೋ?"

ಗಯಾಬಾಯಿ ಹೇಳಲು ಶುರು ಮಾಡಿದಳು. ಒಬ್ಬಳೇ ಹೋಗಿ ಮೂರು ಸಲ ಬೈಸಿಕೊಂಡದ್ದು, ನಾಲ್ಕನೆಯ ಸಲ ಓಣಿಗೆ ಓಣಿಯೇ ಖಾಲಿ ಡಬ್ಬಿ ಹಿಡಿದು ಹೋಗಿ ಅಂಗಡಿಯವನ ಪಡಸಾಲೆಯಲ್ಲೇ ಒಲೆ ಹೂಡಿದ್ದು. ಹೆಂಗಸರು ಮೊಣಕಾಲ ಮೇಲೆ ಸರಿದು ಸರಿದು ಹತ್ತಿರ ಬಂದರು. ಯಾವಳೋ ಅಂಥ ಒಲೆಗೆ ಕಟ್ಟಿಗೆ ಯಾರದು ಎಂದು ಕೇಳಿ ನಗಿಸಿದಳು. ಒತ್ತೊತ್ತಾಗಿ ಒಂದು ಗುಂಪು ಕಟ್ಟಿಕೊಂಡಿತು, ಎಲ್ಲ ಬೆನ್ನುಗಳೂ ಧಣಿಯ ಕಡೆಗೆ. ಪುಣೆಯವರಿಗೆ ಯಾರ ಮುಖವೂ ಕಾಣಲಿಲ್ಲ. ಅವರು ಕುರ್ಚಿ ಬಿಟ್ಟು ಆ ಗುಂಪಿನ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕುಳಿತರು.

ನಿಂತವಳು ವಿದ್ಯಾವತಿ ಒಬ್ಬಳೇ. ಒಬ್ಬಳೇ ಎಂದರೆ ತಪ್ಪಾದೀತು. ಹೆಗಲ ಮೇಲಿನ ಕೈ ಇಳಿದಿತ್ತು, ಪಕ್ಕದ ಬಿಸಿಲು ಇಳಿದಿರಲಿಲ್ಲ. ಅದು ಅವಳನ್ನು ಬಿಟ್ಟು ಆ ಗುಂಪಿನ ಕಡೆಗೆ ತಿರುಗಿ ನೋಡುತ್ತಿದ್ದಂತೆ ಇತ್ತು. ಕೂರಲೂ ಇಲ್ಲ, ಹೋಗಲೂ ಇಲ್ಲ.

ಸ್ನೇಹಲ ಮಾತಿನ ನಡುವೆ ಹಿಂದೆ ತಿರುಗಿದಳು. "ಅಕ್ಕಾರ, ಯಾಕ ನಿಂತೀರಿ? ಪಾಠ ಮುಗೀತಲ್ಲ. ಬರ್ರಿ, ಇಲ್ಲಿ ಕುಂದರ್ರಿ."

ವಿದ್ಯಾವತಿ ರುಮಾಲು ಬಿಚ್ಚಿ ಮುಖದ ಮಸಿ ಒರೆಸಿಕೊಂಡಳು.

"ನೀವು ಮಾತಾಡ್ರಿ" ಎಂದಳು. "ನಾ ಇಕಿ ಜೋಡಿ ನಿಂದರ್ತೀನಿ."

ಹೆಂಗಸರಿಗೆ ಅರ್ಥವಾಗಲಿಲ್ಲ. ಸ್ನೇಹಲ ಅವಳ ಪಕ್ಕದ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಕಣ್ಣು ಕಿರಿದು ಮಾಡಿಕೊಂಡು ನೋಡಿದಳು, ಬಿಸಿಲಲ್ಲಿ ನಿಂತವರನ್ನು ನೋಡುವ ಹಾಗೆ. ಆಮೇಲೆ ಗಯಾಬಾಯಿಯ ಮೊಣಕಾಲು ತಟ್ಟಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಜರಾ ಗಟ್ಟಿಯಾಗಿ ಹೇಳ್ರಿ ಎಂದಳು.